ದಿಲ್ಲಿಗೆ ಹೋದವರು 15 ಮಕ್ಕಳು, ಊರಲ್ಲೊಂದು ಕಂಟ್ರೋಲ್ ರೂಮ್

(ತಾಲ್ಲೂಕು ಗ್ರಂಥಾಲಯದಲ್ಲಿ ಪೋಷಕರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತು ಇದು. ಬರೆಯುವಾಗ ಹರಟೆ ಸ್ವಲ್ಪ ಕಡಿಮೆ ಮಾಡಿದ್ದೇನೆ, ಪೂರ್ತಿ ತೆಗೆದಿಲ್ಲ.)

ಎಲ್ಲರಿಗೂ ನಮಸ್ಕಾರ. ನನ್ನ ಹಿಂದಿರುವ ಬ್ಯಾನರಿನಲ್ಲಿ "ದೇಶ ಸುತ್ತು, ಕೋಶ ಓದು" ಅಂತ ಬರೆಸಿದ್ದಾರೆ. ಗಾದೆ ಕಟ್ಟಿದವರ ಕಾಲಕ್ಕೆ ಎರಡೇ ದಾರಿ ಇದ್ದವು. ಈಗ ಮೂರನೆಯದೂ ಬಂದಿದೆ, ಮೊಬೈಲ್ ನೋಡು. ಅದನ್ನು ಬೈಯಲಿ ಅಂತ ನನ್ನನ್ನು ಕರೆದಿದ್ದರೆ ಕ್ಷಮಿಸಿ, ನಾನು ಬೈಯುವುದಿಲ್ಲ.

ಕಳೆದ ದಸರಾ ರಜೆಯಲ್ಲಿ ನಮ್ಮ ಶಾಲೆಯ ಏಳನೇ ತರಗತಿಯ ಮಕ್ಕಳನ್ನು ದಿಲ್ಲಿಗೆ ಕರೆದುಕೊಂಡು ಹೋಗಿದ್ದೆವು. ನಮ್ಮದು ತಿಪಟೂರು ಕಡೆಯ ಹಳ್ಳಿ. ಹಳೆಯ ವಿದ್ಯಾರ್ಥಿಗಳು ದುಡ್ಡು ಹಾಕಿದರು, ಊರವರು ಒಂದಷ್ಟು ಕೊಬ್ಬರಿ ಮಾರಿ ಕೊಟ್ಟರು. ಒಟ್ಟು 16 ಮಕ್ಕಳು. ಅದರಲ್ಲಿ 15 ಮಂದಿ ರೈಲಿನಲ್ಲಿ ಬಂದರು. ಒಬ್ಬಳು ಊರಲ್ಲೇ ಕೂತು ಬಂದಳು. ನಾನು ಇವತ್ತು ಹೇಳುವುದು ಜಾಸ್ತಿ ಅವಳ ಕಥೆಯೇ.

ಮೊದಲು ನನ್ನ ತಪ್ಪಿನಿಂದ ಶುರು ಮಾಡುತ್ತೇನೆ. ಹೊರಡುವುದಕ್ಕೆ ಎರಡು ತಿಂಗಳ ಮೊದಲು ಮಕ್ಕಳಿಗೆ ದಿಲ್ಲಿ ಪರಿಚಯ ಮಾಡಿಸೋಣ ಅಂತ ಶಾಲೆಯ ಟಿವಿಯಲ್ಲಿ ಒಂದು ವಿಡಿಯೋ ಹಾಕಿದೆ. ಕೆಂಪುಕೋಟೆ, ಕುತುಬ್ ಮಿನಾರ್, ಇಂಡಿಯಾ ಗೇಟ್, ಎಲ್ಲವೂ ಡ್ರೋನಿನಲ್ಲಿ ತೆಗೆದದ್ದು, ಹಿಂದೆ ಭರ್ಜರಿ ಸಂಗೀತ. ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ, "ನೋಡಾಯ್ತಲ್ಲ ಸಾರ್, ಇನ್ಯಾಕೆ ಹೋಗೋದು?"

ತಮಾಷೆಗೆ ಕೇಳಿದ್ದಲ್ಲ ಅವನು. ಎರಡು ರಾತ್ರಿ ರೈಲಿನಲ್ಲಿ ಕೂರುವ ಕಷ್ಟ ಲೆಕ್ಕ ಹಾಕಿಯೇ ಕೇಳಿದ್ದ. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಚೆನ್ನಾಗಿ ತೋರಿಸಿಬಿಟ್ಟರೆ ಆಸೆಯೇ ಸತ್ತುಹೋಗುತ್ತದೆ, ಅಲ್ವಾ?

ಮಾರನೆಯ ದಿನದಿಂದ ಪದ್ಧತಿ ಬದಲಾಯಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಜಾಗ ಹಂಚಿದೆ. ದಿನಕ್ಕೆ ಹತ್ತೇ ನಿಮಿಷ ಟಿವಿ. ಗೂಗಲ್ ಅರ್ಥ್‌ನಲ್ಲಿ ಮೇಲಿನಿಂದ ನೋಡಬಹುದು, ಸ್ಟ್ರೀಟ್ ವ್ಯೂನಲ್ಲಿ ರಸ್ತೆಗೆ ಇಳಿಯಬಹುದು. ಕುತುಬ್, ಹುಮಾಯೂನ್ ಸಮಾಧಿಯಂಥ ಸ್ಮಾರಕಗಳ ಒಳಗೂ ಅದರಲ್ಲಿ ಸುತ್ತಬಹುದು. ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನಲ್ಲಿ ದಿಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಸ್ತುಗಳಿವೆ. ಆದರೆ ನೋಡಿದವರು ಒಂದು ಪ್ರಶ್ನೆ ತರಬೇಕು. ಟಿವಿ ಉತ್ತರ ಕೊಡಲಾಗದ ಪ್ರಶ್ನೆ ಆಗಿರಬೇಕು.

ಮೊದಲ ವಾರ ಬಂದವು ಸಪ್ಪೆ. ಆಮೇಲೆ ಬಿಸಿ ಏರಿತು. ಕುತುಬ್ ಪಕ್ಕದ ಕಬ್ಬಿಣದ ಕಂಬ ಮುಟ್ಟಿದರೆ ತಣ್ಣಗಿರುತ್ತದಾ? ಇಂಡಿಯಾ ಗೇಟ್ ಹತ್ತಿರ ಬೀದಿನಾಯಿ ಇದೆಯಾ? ಅಗ್ರಸೇನ್ ಬಾವಲಿಯ ಮೆಟ್ಟಿಲ ಕೆಳಗೆ ನಿಂತು ಕೂಗಿದರೆ ಧ್ವನಿ ವಾಪಸ್ ಬರುತ್ತದಾ? (ಬಾವಲಿ ಅಂದರೆ ನಮ್ಮ ಮೆಟ್ಟಿಲು ಬಾವಿ. ಹೆಸರು ಕೇಳಿದ ದಿನ ಎಲ್ಲರೂ ಬಾವಲಿ ಹಕ್ಕಿ ಅಂದುಕೊಂಡಿದ್ದರು. ಅಲ್ಲಿ ಹಾರುವ ಬಾವಲಿಗಳೂ ಇವೆ ಅಂತ ಆಮೇಲೆ ಗೊತ್ತಾಯಿತು, ಬಿಡಿ.)

ಹೊರಡಲು ಎರಡು ವಾರ ಇದ್ದಾಗ ನಮ್ಮ ತರಗತಿಯ ಒಬ್ಬ ಹುಡುಗಿ ಸೀಬೆಮರದಿಂದ ಬಿದ್ದು ಕಾಲು ಮುರಿದುಕೊಂಡಳು. ಪ್ರಶ್ನೆ ಕೇಳುವುದರಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು ಅವಳೇ. ನೋಡಲು ಹೋದಾಗ ಅಳುತ್ತಿರಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದಳು. ಅದು ಇನ್ನೂ ಕಷ್ಟ. ಏನು ಹೇಳಬೇಕೋ ತೋಚದೆ, "ನೀನು ಇಲ್ಲಿಂದಲೇ ನಮಗೆ ದಾರಿ ತೋರಿಸು ಮಗಳೇ" ಅಂದೆ. ಸಮಾಧಾನಕ್ಕೆ ಹೇಳಿದ ಮಾತು. ಅವಳು ಅದನ್ನು ಕೆಲಸ ಅಂದುಕೊಂಡಳು. ಅವಳ ಅಣ್ಣನ ಮೊಬೈಲು, ಒಂದು ಚೌಕುಳಿ ಹಾಳೆಯ ಪುಸ್ತಕ, ಹಾಸಿಗೆ ಪಕ್ಕ ಗೋಡೆಗೆ ಅಂಟಿಸಿದ ದಿಲ್ಲಿ ನಕ್ಷೆ. ಮಕ್ಕಳು ಅವಳಿಗೆ "ಕಂಟ್ರೋಲ್ ರೂಮ್" ಅಂತ ಹೆಸರಿಟ್ಟರು.

ಕರ್ನಾಟಕ ಎಕ್ಸ್‌ಪ್ರೆಸ್‌ ಸಂಜೆ ಬೆಂಗಳೂರು ಬಿಡುತ್ತದೆ, ಸುಮಾರು 2,400 ಕಿಲೋಮೀಟರ್, ಎರಡು ರಾತ್ರಿ. ತುಂಗಭದ್ರೆ, ಕೃಷ್ಣೆ, ಭೀಮೆ, ತಾಪಿ, ನರ್ಮದೆ, ಚಂಬಲ್, ಇಷ್ಟು ನದಿ ದಾಟುತ್ತದೆ. ವಿಮಾನದಲ್ಲಿ ಹೋದರೆ ಇದೆಲ್ಲ ಒಂದು ನಿದ್ದೆ. ದೇಶ ಎಷ್ಟು ಉದ್ದ ಅನ್ನುವುದು ಬೆನ್ನಿಗೆ ಗೊತ್ತಾಗಬೇಕು ಅಂತ ನನ್ನ ಹಟ. ಆದರೆ ಅರ್ಧ ನದಿಗಳು ಕತ್ತಲಲ್ಲೇ ದಾಟಿಹೋಗುತ್ತವೆ ಅನ್ನುವುದು ನನಗೆ ಹೊಳೆದಿರಲಿಲ್ಲ. ಚಂಬಲ್ ನೋಡಲೇಬೇಕು ಅಂತ ಕೂತ ನಾಲ್ವರು ಬೆಳಗಿನ ಜಾವ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. "ನೀವು ಈಗ ಚಂಬಲ್ ಮೇಲಿದ್ದೀರಿ" ಅಂತ ಊರಿಂದ ಮೆಸೇಜು ಬಂದಿತ್ತು.

ಶನಿವಾರ ಸಂಜೆ ಹತ್ತಿದ್ದೆವು. ಅಂದರೆ ದಿಲ್ಲಿ ತಲುಪಿದ್ದು ಸೋಮವಾರ. ಕೆಂಪುಕೋಟೆಗೆ ಸೋಮವಾರ ರಜೆ. ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ರಜೆ. ರೈಲು ಮ್ಯೂಸಿಯಂಗೂ ರಜೆ. ಎರಡು ತಿಂಗಳು ನಕ್ಷೆ ನೋಡಿದ್ದೆವು, ವಾರ ಯಾವುದು ಅಂತ ನಾನು ನೋಡಿರಲಿಲ್ಲ. ದಯವಿಟ್ಟು ಇದೊಂದನ್ನು ಬರೆದುಕೊಳ್ಳಿ. ಕುತುಬ್, ಹುಮಾಯೂನ್ ಸಮಾಧಿ, ಜಂತರ್ ಮಂತರ್ ಸೋಮವಾರವೂ ತೆರೆದಿರುತ್ತವೆ. ನಾವು ಕುತುಬ್‌ಗೆ ಹೊರಟೆವು.

ಮೆಟ್ರೋದಲ್ಲಿ "ಕುತುಬ್ ಮಿನಾರ್" ಅನ್ನುವ ನಿಲ್ದಾಣವೇ ಇದೆ. ಟಿವಿಯಲ್ಲಿ ಎರಡು ಬೆರಳಿನ ಅಂತರ. ಇಳಿದು ನಡೆದರೆ ಬಿಸಿಲಲ್ಲಿ ಮುಗಿಯುವುದೇ ಇಲ್ಲ. ಪರದೆ ಹೇಳುವ ಮೊದಲ ಸುಳ್ಳು ದೂರದ್ದು. ಎರಡನೆಯದು ಗಾತ್ರದ್ದು.

ನಾವು ಕಲ್ಪತರು ನಾಡಿನವರು, ಎತ್ತರ ಅಂದರೆ ನಮಗೆ ತೆಂಗಿನಮರ. ಒಂದು ದೊಡ್ಡ ಮರ 20 ಮೀಟರ್ ಅಂತ ಹಿಡಿದುಕೊಂಡೆವು. ಇಂಡಿಯಾ ಗೇಟ್ 42 ಮೀಟರ್, ಅಂದರೆ ಎರಡು ಮರದ ಮೇಲೆ ಒಂದು ಮೊಳಕೆ. ಕುತುಬ್ 72.5 ಮೀಟರ್, ಮೂರೂವರೆ ಮರಕ್ಕೂ ಮೇಲೆ. ಲೆಕ್ಕ ಎಲ್ಲರಿಗೂ ಬಾಯಿಪಾಠ ಆಗಿತ್ತು. ಬುಡದಲ್ಲಿ ನಿಂತು ತಲೆ ಎತ್ತಿದಾಗ ಎಲ್ಲರೂ ಸುಮ್ಮನಾದರು. ಮರ ಹತ್ತುವ ಮನೆಯ ಹುಡುಗನೊಬ್ಬ "ಇದ್ರಲ್ಲಿ ಹಿಡ್ಕೊಳ್ಳೋಕೆ ಜಾಗ ಇಲ್ಲ ಸಾರ್" ಅಂದ.

ಒಳಗೆ 379 ಮೆಟ್ಟಿಲು. ಯಾಕೆ ಹತ್ತಲು ಬಿಡುವುದಿಲ್ಲ ಅಂತ ಕೇಳಿದರು. ಹೇಳಲೋ ಬೇಡವೋ ಅಂತ ಯೋಚಿಸಿ ಹೇಳಿದೆ. 1981ರಲ್ಲಿ ಒಳಗೆ ಕರೆಂಟು ಹೋಗಿ, ಕತ್ತಲಲ್ಲಿ ನೂಕುನುಗ್ಗಲಾಗಿ ಸುಮಾರು 45 ಮಂದಿ ಸತ್ತರು. ಹೆಚ್ಚಿನವರು ಇವರ ಹಾಗೆ ಶಾಲೆಯಿಂದ ಬಂದಿದ್ದ ಮಕ್ಕಳು. ಅವತ್ತು ಪೂರ್ತಿ, ನಾನು ಹೇಳದೆಯೇ, ಮಕ್ಕಳು ತಮ್ಮನ್ನು ತಾವೇ ಎಣಿಸಿಕೊಳ್ಳುತ್ತಿದ್ದರು.

ಕಬ್ಬಿಣದ ಕಂಬದ ಪ್ರಶ್ನೆ ಪ್ರಶ್ನೆಯಾಗೇ ಉಳಿಯಿತು. ಜನ ಬೆನ್ನು ಕೊಟ್ಟು ಅಪ್ಪಿಕೊಳ್ಳುತ್ತಿದ್ದರು ಅಂತ ಅದಕ್ಕೆ ಬೇಲಿ ಹಾಕಿದ್ದಾರೆ. ಗುಪ್ತರ ಕಾಲದ್ದು, 1,600 ವರ್ಷದಷ್ಟು ಹಳೆಯದು, ಆರು ಟನ್ನಿಗಿಂತ ಹೆಚ್ಚು ತೂಕ, ಬಯಲಲ್ಲಿ ನಿಂತರೂ ತುಕ್ಕು ತಿಂದಿಲ್ಲ. ಆ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇರುವುದರಿಂದ ಮೇಲೆ ತೆಳುವಾದ ಪದರ ಕಟ್ಟಿಕೊಂಡು ಕಾಯುತ್ತಿದೆ. ಇದನ್ನು ವಿವರಿಸುತ್ತಿದ್ದಾಗ ಹುಡುಗರ ಗಮನ ಹುಲ್ಲಿನ ಮೇಲೆ ಕೂತಿದ್ದ ಒಂದು ಕಲ್ಲಿನ ಮಂಟಪದ ಕಡೆ ಹೋಯಿತು. ಅದೂ ಸರಿಯೇ. ಭೂಕಂಪದಲ್ಲಿ ಮಿನಾರಿನ ತಲೆಗೂಡು ಬಿದ್ದುಹೋದ ಮೇಲೆ, 1828ರಲ್ಲಿ ಬ್ರಿಟಿಷ್ ಎಂಜಿನಿಯರ್ ರಾಬರ್ಟ್ ಸ್ಮಿತ್ ಹೊಸದೊಂದು ಕೂರಿಸಿದ. ಚೆನ್ನಾಗಿಲ್ಲ ಅಂತ 1848ರಲ್ಲಿ ಕೆಳಗಿಳಿಸಿದರು. ಅಂದಿನಿಂದ ನೆಲದ ಮೇಲೆ ಕೂತಿದೆ. ಟೋಪಿ ಸರಿಹೋಗದೆ ಬಿಚ್ಚಿಟ್ಟ ಹಾಗೆ.

ಇನ್ನು ಗಾತ್ರದ ಉಲ್ಟಾ ಕಥೆ. ಮಂಗಳವಾರ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಮೊಹೆಂಜೊದಾರೊದ ನರ್ತಕಿಯ ಕಂಚಿನ ಪ್ರತಿಮೆ ನಿಮಗೆ ಗೊತ್ತಲ್ಲ, ಸೊಂಟದ ಮೇಲೆ ಕೈ ಇಟ್ಟು ನಿಂತವಳು, ತೋಳು ತುಂಬ ಬಳೆ. ಪಾಠದ ಪುಸ್ತಕದಲ್ಲಿ ಅರ್ಧ ಪುಟ. ನಮ್ಮ ಟಿವಿಯಲ್ಲಿ ಮೂರಡಿ. ಮಕ್ಕಳು ಹರಪ್ಪಾ ವಿಭಾಗದಲ್ಲಿ ಅವಳನ್ನು ಹುಡುಕುತ್ತಾ ಅವಳ ಮುಂದಿನಿಂದಲೇ ಹಾದುಹೋದರು. ಹತ್ತೂವರೆ ಸೆಂಟಿಮೀಟರ್ ಅವಳು. ಅರ್ಧ ಗೇಣು! ಕೊನೆಗೆ ಕಂಡಾಗ "ಇಷ್ಟೇನಾ?" ಅಂತ ಒಬ್ಬಳಿಗೆ ಅಳುವೇ ಬಂದಿತು. ಪಕ್ಕದವಳು ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನಿಂತಳು. ಆಮೇಲೆ ಹೇಳಿದಳು, "ಇಷ್ಟೇ ಇರೋದ್ರಲ್ಲಿ ಬಳೆ ಹೆಂಗೆ ಮಾಡಿದ್ರು ಸಾರ್?" ಟಿವಿಯಲ್ಲಿ ಎರಡು ತಿಂಗಳು ನೋಡಿದಾಗ ಯಾರಿಗೂ ಹುಟ್ಟದ ಪ್ರಶ್ನೆ. ಮೇಣದಲ್ಲಿ ಗೊಂಬೆ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣ ಕರಗಿಸಿ, ಆ ಖಾಲಿ ಜಾಗಕ್ಕೆ ಲೋಹ ಸುರಿಯುವುದು. ನಮ್ಮ ದೇವರ ಮೂರ್ತಿಗಳನ್ನು ಎರಕ ಹೊಯ್ಯುವವರು ಇವತ್ತಿಗೂ ಹಾಗೇ ಮಾಡುತ್ತಾರೆ ಅಂದೆ.

ಅವತ್ತು ಮಧ್ಯಾಹ್ನ ಚಾಣಕ್ಯಪುರಿಯ ರೈಲು ಮ್ಯೂಸಿಯಂಗೆ ಹೋಗುವ ದಾರಿಯಲ್ಲಿ ಫೋನು ಬಂತು. "ಸಾರ್, ತೀನ್ ಮೂರ್ತಿ ಸರ್ಕಲ್ ದಾಟಿದ್ರಾ? ವಾಪಸ್ ಹೋಗಿ." ಯಾಕಮ್ಮಾ? "ಅಲ್ಲಿ ನಮ್ಮ ಮೈಸೂರಿನ ಸಿಪಾಯಿ ನಿಂತಿದಾನೆ."

ನನಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ಸಮಾಜ ಪಾಠ ಮಾಡುತ್ತಿದ್ದೇನೆ, ತೀನ್ ಮೂರ್ತಿ ಅಂದರೆ ನೆಹರೂ ಇದ್ದ ಮನೆ ಅಂತಲೇ ಹೇಳುತ್ತಾ ಬಂದಿದ್ದೆ. ಆ ವೃತ್ತದ ಮೂರು ಸೈನಿಕರು ಮೈಸೂರು, ಹೈದರಾಬಾದ್, ಜೋಧಪುರ ಸಂಸ್ಥಾನಗಳ ಕುದುರೆ ಪಡೆಗಳ ನೆನಪಿಗೆ ನಿಂತವರು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದದ್ದು ಮೈಸೂರು ಮತ್ತು ಜೋಧಪುರದ ಸವಾರರು. ಆ ಜಾಗದ ಹೆಸರೇ ಈಗ ತೀನ್ ಮೂರ್ತಿ ಹೈಫಾ ಚೌಕ. ಮಕ್ಕಳು ಇಳಿದು ನೋಡಿದರು. ಮೂವರಲ್ಲಿ ನಮ್ಮವನು ಯಾರು ಅಂತ ಅರ್ಧ ಗಂಟೆ ಜಗಳ. ಪೇಟ ನೋಡಿ ಒಬ್ಬ, ಮೀಸೆ ನೋಡಿ ಇನ್ನೊಬ್ಬ ತೀರ್ಪು ಕೊಟ್ಟರು. ರೈಲು ಮ್ಯೂಸಿಯಂ ತಲುಪಿದ್ದು ತಡವಾಯಿತು. ಮೈಸೂರು ಮಹಾರಾಜರ ಸಲೂನ್ ಬೋಗಿ ಅಲ್ಲಿದೆ, ಅದನ್ನು ಓಡೋಡಿಕೊಂಡೇ ನೋಡಿದೆವು.

ಅದಾದ ಮೇಲೆ ಇಂಡಿಯಾ ಗೇಟ್ ಹಿಂದಿನ ಮಂಟಪಕ್ಕೆ ಹೋದಾಗ ಮಕ್ಕಳೇ ಕಾಲರ್ ಎತ್ತಿಕೊಂಡು ಓಡಾಡಿದರು. ಅಲ್ಲಿದ್ದ ಐದನೇ ಜಾರ್ಜ್ ದೊರೆಯ ಮೂರ್ತಿಯನ್ನು 1968ರಲ್ಲಿ ತೆಗೆದರು. ಅರ್ಧ ಶತಮಾನ ಖಾಲಿ ಇದ್ದ ಮಂಟಪದಲ್ಲಿ 2022ರಿಂದ ನೇತಾಜಿ ಸುಭಾಷರ 28 ಅಡಿಯ ಕಪ್ಪುಕಲ್ಲಿನ ಮೂರ್ತಿ ನಿಂತಿದೆ. ಕೆತ್ತಿದ ತಂಡದ ಮುಂದಾಳು ಮೈಸೂರಿನ ಅರುಣ್ ಯೋಗಿರಾಜ್. (ನಾಯಿ ಇತ್ತು. ಎರಡು.)

ರಾಷ್ಟ್ರಪತಿ ಭವನದ ಕಡೆ ಹೋಗುವ ರಸ್ತೆಯಲ್ಲಿ ಒಂದು ಆಟ ಇದೆ, ನೀವು ಹೋದರೆ ಖಂಡಿತ ಆಡಿ. ಹೊಸ ದಿಲ್ಲಿ ಕಟ್ಟುವ ಘೋಷಣೆ ಆದದ್ದು 1911ರಲ್ಲಿ, ಉದ್ಘಾಟನೆ 1931ರಲ್ಲಿ. ಭವನ ಕಟ್ಟಿದವರು ಎಡ್ವಿನ್ ಲಟ್ಯೆನ್ಸ್, ಅದರ ಮುಂದಿನ ಎರಡು ಸಚಿವಾಲಯ ಕಟ್ಟಡ ಹರ್ಬರ್ಟ್ ಬೇಕರ್ ಅವರದ್ದು. ಇಬ್ಬರೂ ಗೆಳೆಯರು. ಭವನ ನಿಂತಿರುವ ರೈಸಿನಾ ಗುಡ್ಡದ ಏರು ಎಷ್ಟು ಕಡಿದಾಗಿರಬೇಕು ಅನ್ನುವ ವಿಷಯಕ್ಕೆ ಮಾತು ಬಿಡುವಷ್ಟು ಜಗಳವಾಯಿತು. ಬೇಕರ್ ಹೇಳಿದಂತೆ ಆಯಿತು. ಅದರಿಂದ ಇವತ್ತಿಗೂ, ದೂರದಿಂದ ಪೂರ್ತಿ ಕಾಣುವ ಭವನ, ನೀವು ಗುಡ್ಡದ ಬುಡದ ವಿಜಯ್ ಚೌಕ ಹತ್ತಿರವಾದಂತೆ ಮುಳುಗುತ್ತಾ ಹೋಗುತ್ತದೆ. ಕೊನೆಗೆ ಗುಮ್ಮಟದ ತಲೆ ಮಾತ್ರ ಇಣುಕುತ್ತದೆ. ನಮ್ಮ ಕಂಟ್ರೋಲ್ ರೂಮ್ ಚೌಕುಳಿ ಹಾಳೆಯಲ್ಲಿ ಗುಡ್ಡ, ಕಟ್ಟಡ, ಕಣ್ಣು ಬರೆದು ಗೆರೆ ಎಳೆದು, "ಕುಳ್ಳಗಿರೋರಿಗೆ ಬೇಗ ಮುಳುಗುತ್ತೆ, ಉದ್ದ ಇರೋರಿಗೆ ತಡವಾಗಿ" ಅಂತ ಮೊದಲೇ ಹೇಳಿ ಕಳಿಸಿದ್ದಳು. ನಡೆಯುತ್ತಾ ಹೋದೆವು. ನಮ್ಮ ಚಿಕ್ಕವನು "ಮುಳ್ಗೋಯ್ತು ಸಾರ್!" ಅಂತ ಮೊದಲು ಕೂಗಿದ. ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡೆ. "ಬಂತು, ಬಂತು!"

ಕೆಂಪುಕೋಟೆಯಲ್ಲಿ ಪಾಠ ಕಲಿತವನು ನಾನೇ. ಜವಾಹರಲಾಲ್ ನೆಹರೂ ಕೋಟೆಯ ಮೇಲೆ ಬಾವುಟ ಹಾರಿಸಿದ್ದು 1947ರ ಆಗಸ್ಟ್ 15ಕ್ಕಲ್ಲ, ಮಾರನೆಯ ದಿನ 16ಕ್ಕೆ. ಎಷ್ಟು ಬ್ಯಾಚಿಗೆ ತಪ್ಪು ಹೇಳಿದ್ದೇನೋ. ಇಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದ್ದರೆ ತಿದ್ದಿಕೊಳ್ಳಿ.

ಈಗ ಜಂತರ್ ಮಂತರ್. ಇದನ್ನು ಹೇಳುವುದಕ್ಕೇ ನಾನು ಬಂದದ್ದು.

ಜೈಪುರದ ರಾಜ ಸವಾಯಿ ಜೈಸಿಂಗ್ ಸುಮಾರು 1724ರಲ್ಲಿ ಕಟ್ಟಿಸಿದ ಖಗೋಳ ವೀಕ್ಷಣಾಲಯ ಅದು. ಹಿತ್ತಾಳೆಯ ಸಣ್ಣ ಉಪಕರಣಗಳು ಅಲ್ಲಾಡುತ್ತವೆ, ಸವೆಯುತ್ತವೆ, ಗೆರೆ ಕಿರಿದಾದರೆ ಲೆಕ್ಕ ತಪ್ಪುತ್ತದೆ ಅಂತ ಅವನು ಯಂತ್ರವನ್ನೇ ಕಟ್ಟಡದಷ್ಟು ದೊಡ್ಡದು ಮಾಡಿದ. ನಡುವೆ ಇರುವ ಸಾಮ್ರಾಟ್ ಯಂತ್ರ ನೆರಳು ನೋಡಿ ಹೊತ್ತು ಹೇಳುವ ಗಡಿಯಾರ, ಅಂದರೆ ಓರೆಯಾದ ಒಂದು ದೊಡ್ಡ ಗೋಡೆ, ಎರಡೂ ಪಕ್ಕ ಕಮಾನು. ಬೆಳಿಗ್ಗೆ ಗೋಡೆಯ ನೆರಳು ಪಶ್ಚಿಮದ ಕಮಾನಿನ ಮೇಲೆ ಇಳಿಯುತ್ತಾ ಬರುತ್ತದೆ, ಮಧ್ಯಾಹ್ನ ದಾಟಿದ ಮೇಲೆ ಪೂರ್ವದ ಕಮಾನು ಹತ್ತುತ್ತದೆ.

ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ದಿಲ್ಲಿ ಅದಕ್ಕಿಂತ ಐದು ಡಿಗ್ರಿ ಚಿಲ್ಲರೆ ಪಶ್ಚಿಮಕ್ಕಿದೆ. ಡಿಗ್ರಿಗೆ 4 ನಿಮಿಷ. ಹಾಗಾಗಿ ದಿಲ್ಲಿಯಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆ 21 ನಿಮಿಷಕ್ಕೆ. ಇದು ಕಂಟ್ರೋಲ್ ರೂಮಿನ ಲೆಕ್ಕ. ನಾನೂ ಸರಿ ಅಂದಿದ್ದೆ. ಶಾಲೆಯಿಂದ ತಂದಿದ್ದ ಒಂದು ಮೀಟರಿನ ಮರದ ಸ್ಕೇಲನ್ನು ನೆಟ್ಟಗೆ ಹಿಡಿದು, ನೆರಳಿನ ತುದಿಗೆ ಚಾಕ್‌ನಲ್ಲಿ ಗುರುತು ಹಾಕುತ್ತಾ ಕೂತೆವು. ಅದೇ ಹೊತ್ತಿಗೆ ಊರಲ್ಲಿ ಅವಳು ಅಂಗಳದಲ್ಲಿ ಕಾಲು ಚಾಚಿ ಕೂತು, ಒಂದು ಮೀಟರಿನ ಕೋಲು ನೆಡಿಸಿದ್ದಳು. ಅವಳಿಗೆ ಓಡಾಡಲು ಆಗುವುದಿಲ್ಲವಲ್ಲ, ನೆರಳಿನ ತುದಿಗೆ ಕಲ್ಲು ಇಡುವ ಕೆಲಸ ಅವಳ ಅಜ್ಜಿಯದ್ದು. ಫೋನಿನಲ್ಲಿ ಅಜ್ಜಿಯ ಗೊಣಗಾಟ ನಮಗೆಲ್ಲ ಕೇಳುತ್ತಿತ್ತು.

ನೆರಳು ಎಲ್ಲಕ್ಕಿಂತ ಗಿಡ್ಡ ಆದದ್ದು ನಮ್ಮಲ್ಲಿ ಸುಮಾರು 12 ಗಂಟೆ 7 ನಿಮಿಷಕ್ಕೆ. 21 ಅಲ್ಲ! ಊರಲ್ಲಿ 12 ಗಂಟೆ 10 ನಿಮಿಷಕ್ಕೆ. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಗೊತ್ತಿಲ್ಲ ಅಂದೆ. ನಿಜಕ್ಕೂ ಗೊತ್ತಿರಲಿಲ್ಲ. ಏನೋ ಗಲಾಟೆ ಅಂತ ಬಂದ ಕಾವಲಿನವರೂ ವಾಚು ನೋಡಿಕೊಳ್ಳುತ್ತಾ ಅಲ್ಲೇ ನಿಂತರು.

ಉತ್ತರ ರಾತ್ರಿ ಸಿಕ್ಕಿತು, ಹುಡುಕಿದ್ದು ಅವಳೇ. ಭೂಮಿ ಸೂರ್ಯನ ಸುತ್ತ ಓಡುವ ವೇಗ ವರ್ಷವಿಡೀ ಒಂದೇ ಇಲ್ಲ, ಅದರ ಅಚ್ಚು ಬೇರೆ ಓರೆ. ಇದರಿಂದ ಸೂರ್ಯನ ಮಧ್ಯಾಹ್ನ ಗಡಿಯಾರದ ಹಿಂದೆ ಮುಂದೆ ಓಡಾಡುತ್ತಿರುತ್ತದೆ. ಅಕ್ಟೋಬರ್ ಮಧ್ಯದಲ್ಲಿ ಸುಮಾರು 14 ನಿಮಿಷ ಬೇಗ, ಫೆಬ್ರವರಿಯಲ್ಲಿ ಅಷ್ಟೇ ತಡ. 21ರಲ್ಲಿ 14 ಕಳೆದರೆ 7. ನಮ್ಮೂರು ದಿಲ್ಲಿಗಿಂತ ಇನ್ನೂ ಸ್ವಲ್ಪ ಪಶ್ಚಿಮಕ್ಕಿದೆ, ಹಾಗಾಗಿ ಊರಿನದ್ದು 24ರಲ್ಲಿ 14 ಕಳೆದು 10. ಮಕ್ಕಳು ವಸತಿಗೃಹದ ಹಾಸಿಗೆ ಮೇಲೆ ಕುಣಿದರು.

ಅಷ್ಟಕ್ಕೇ ಮುಗಿಯಲಿಲ್ಲ. ದಿಲ್ಲಿಯ ನೆರಳು 76 ಸೆಂಟಿಮೀಟರ್, ಊರಿನದ್ದು 41. ಕೋಲು ಎರಡೂ ಕಡೆ ಒಂದೇ ಅಳತೆ. ನಮ್ಮೂರು, ದಿಲ್ಲಿ ಹೆಚ್ಚುಕಡಿಮೆ ಒಂದೇ ಉತ್ತರ ದಕ್ಷಿಣ ಗೆರೆಯ ಮೇಲಿವೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಹೀಗೇ ನೆರಳು ಅಳೆದು ಭೂಮಿಯ ಸುತ್ತಳತೆ ಲೆಕ್ಕ ಹಾಕಿದ್ದ. ವಾಪಸ್ ಬಂದ ಮೇಲೆ ಗಣಿತದ ಮೇಡಂ ಸಹಾಯದಿಂದ ಕೋನ ತೆಗೆದೆವು. ವ್ಯತ್ಯಾಸ 14.9 ಡಿಗ್ರಿ. ನಕ್ಷೆಯಲ್ಲಿ ನೇರ ದೂರ ಸುಮಾರು 1,700 ಕಿಲೋಮೀಟರ್. ಭಾಗಿಸಿ ಗುಣಿಸಿದರೆ ಭೂಮಿಯ ಸುತ್ತಳತೆ 41,000 ಕಿಲೋಮೀಟರ್ ಬಂತು. ಪುಸ್ತಕದಲ್ಲಿರುವುದು 40,000. ಆ ಸಾವಿರ ಕಿಲೋಮೀಟರ್ ಹೆಚ್ಚಾದದ್ದು ಅಜ್ಜಿ ಕಲ್ಲು ಇಟ್ಟದ್ದು ಸರಿಯಿಲ್ಲದೆ ಅಂತ ಹುಡುಗರು, ನೀವು ಸ್ಕೇಲು ಅಲ್ಲಾಡಿಸಿದಿರಿ ಅಂತ ಅವಳು.

ಒಂದು ಮಾತು ಗಮನಿಸಿ. ಎಲ್ಲರೂ ದಿಲ್ಲಿಗೆ ಬಂದಿದ್ದರೆ ಈ ಲೆಕ್ಕ ಆಗುತ್ತಿರಲಿಲ್ಲ. ಎಲ್ಲರೂ ಊರಲ್ಲೇ ಟಿವಿ ಮುಂದೆ ಕೂತಿದ್ದರೂ ಆಗುತ್ತಿರಲಿಲ್ಲ.

ಖರ್ಚಿನ ಬಗ್ಗೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದ ಒಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ರೈಲಿನಲ್ಲಿ ಮಾತ್ರ, 5ರಿಂದ 12 ವರ್ಷದ ಮಗುವಿಗೂ ಪ್ರತ್ಯೇಕ ಬರ್ತ್ ಬೇಕೆಂದರೆ ಪೂರ್ತಿ ದರ. ಬೇಸಿಗೆ ರಜೆಯಲ್ಲಿ ಹೋಗಬೇಡಿ, ಮೇ ತಿಂಗಳ ದಿಲ್ಲಿ ಬಾಣಲೆ. ಊಟಕ್ಕೆ ಛೋಲೆ ಭಟೂರೆ ಎರಡು ದಿನ ಚೆನ್ನಾಗಿರುತ್ತದೆ, ಮೂರನೆಯ ದಿನ ಮಕ್ಕಳು ಮೊಸರನ್ನ ಕೇಳುತ್ತಾರೆ. ನಾನೂ ಕೇಳಿದ್ದೆ. ಇನ್ನು ನಮ್ಮ ಮಕ್ಕಳಿಗೆ ದಿಲ್ಲಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು ಅಂತ ಕೇಳಿದಿರಲ್ಲ, ಸುಳ್ಳು ಹೇಳುವುದಿಲ್ಲ, ಮೆಟ್ರೋದ ಎಸ್ಕಲೇಟರ್. ಮೊದಲ ಸಲ ಕಾಲಿಡಲು ಹೆದರಿ ಗುಂಪಾಗಿ ನಿಂತಿದ್ದರು. ಆಮೇಲೆ ಇಳಿಸುವುದೇ ಕಷ್ಟವಾಯಿತು.

ಬರುವ ದಸರಾಕ್ಕೆ ಮತ್ತೆ ಹೊರಟಿದ್ದೇವೆ, ಈ ವರ್ಷದ ಏಳನೆಯವರ ಜೊತೆ. ಆ ಹುಡುಗಿ ಈಗ ಎಂಟನೆಯಲ್ಲಿದ್ದಾಳೆ, ಕಾಲು ಸರಿಹೋಗಿದೆ, ಅವಳೂ ಬರುತ್ತಾಳೆ. ಹೋದ ವಾರ ಅವರ ಮನೆಗೆ ಹೇಳಲು ಹೋಗಿದ್ದೆ. "ಹಂಗಾದ್ರೆ ಈ ಸಲ ಕಂಟ್ರೋಲ್ ರೂಮ್ ಯಾರು ಸಾರ್?" ಅಂತ ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಅಜ್ಜಿ ಕೂಗಿದರು, "ನಾನಿದೀನಲ್ಲ. ಕಲ್ಲು ಸರಿಯಾಗಿ ಇಡ್ತೀನಿ, ಮೇಷ್ಟ್ರಿಗೆ ಹೇಳು."